ಅಲ್ಲಾಡಿಸಿ ನೋಡುವ ಭಾವ

ನಮ್ಮ ಭಾವ ಚಿಕ್ಕರಂಗಯ್ಯನವರಿಗೆ ದೇವರು ಕಣ್ಣು ಕೊಟ್ಟಿದ್ದು ಬರೀ ದಂಡ. ಅವರು ಏನನ್ನು ಪರೀಕ್ಷೆ ಮಾಡುವುದೂ ಕಿವಿಯಿಂದಲೇ. ಹಾಲ್ಕುರಿಕೆಯಲ್ಲಿ ಹುಟ್ಟಿ ಕೊಬ್ಬರಿ ಅಟ್ಟದ ಕೆಳಗೆ ಬೆಳೆದ ಜೀವ. ಅಟ್ಟದ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ನೀರು ಕುಲುಕಿದರೆ ಇನ್ನೂ ಹಸಿ, ಕೊಬ್ಬರಿ ಲೊಟಲೊಟ ಎಂದರೆ ಒಡೆಯಬಹುದು; ಇದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಭಾವ ಕಾಯಿಗೇ ನಿಲ್ಲಿಸಿದವರಲ್ಲ. ಗಡಿಯಾರ, ಟಾರ್ಚು, ಔಷಧಿ ಬಾಟಲಿ, ಕೊನೆಗೆ ಅಂಗಡಿಯಲ್ಲಿ ಹೊಸ ಚಪ್ಪಲಿಯನ್ನೂ ಅಲ್ಲಾಡಿಸಿ ಕೇಳುತ್ತಿದ್ದರು. ಹೆಣ್ಣು ನೋಡಲು ಬಂದಾಗ ನಮ್ಮಕ್ಕ ಕಾಳಕ್ಕನನ್ನು ಅಲ್ಲಾಡಿಸದೆಯೇ ಹೇಗೆ ಒಪ್ಪಿಕೊಂಡರೋ ನಾನರಿಯೆ.

ಎರಡು ಸಾವಿರದ ಎಂಟರಲ್ಲಿ ಅಕ್ಕನ ಮೊಣಕಾಲು ಹಿಡಿದುಕೊಂಡಿತು. ಪ್ರತಿ ಶುಕ್ರವಾರ ತಿಪಟೂರಿಗೆ ಹೋಗಿ ಕಾಲಿಗೆ ಕರೆಂಟಿನ ಶಾಖ ಕೊಡಿಸಬೇಕು ಎಂದರು ಡಾಕ್ಟರು. ಬಸ್ಸಿನ ಮೆಟ್ಟಿಲು ಅವಳಿಂದ ಹತ್ತಲಾಗದು. ಭಾವನಿಗೆ ಗೇರಿನ ಗಾಡಿ ಬಾರದು. ಹಾಗಾಗಿ ಬ್ಯಾಟರಿ ಸ್ಕೂಟರ್ ಬಂತು.

ಅಕ್ಕ ಮೊದಲೇ ಷರತ್ತು ಹಾಕಿದಳು: “ನೋಡ್ರಿ, ಇದು ನಡುದಾರೀಲಿ ಕೈ ಕೊಟ್ರೆ ನಾನು ಇನ್ನೊಂದು ಸಲ ಹತ್ತಾಕಿಲ್ಲ. ಕಾಲು ಹೋದ್ರೆ ಹೋಗ್ಲಿ.” ಅವಳು ಆಡಿದ ಮಾತು ತಪ್ಪಿದ್ದನ್ನು ನಾನಂತೂ ಕಂಡಿಲ್ಲ.

ತಿಪಟೂರು ಮುಟ್ಟುವಷ್ಟರಲ್ಲಿ ಗಾಡಿಗೆ ಏದುಸಿರು. ಕೊಬ್ಬರಿ ಮಂಡಿಯ ಹಿಂದೆ ಜುಲ್ಫಿಕರ್‌ನ ಮೆಕ್ಯಾನಿಕ್ ಅಂಗಡಿ. ಅಕ್ಕನ ಕಾಲಿಗೆ ಆಸ್ಪತ್ರೆಯಲ್ಲಿ ಕರೆಂಟು, ಗಾಡಿಗೆ ಇಲ್ಲಿ ಕರೆಂಟು. ತಿಪಟೂರಿನಲ್ಲಿ ಅಂಥ ಗಾಡಿಗಳು ಬೆರಳೆಣಿಕೆಯಷ್ಟಿದ್ದರೂ ಕಂಪನಿಗೊಂದು ಚಾರ್ಜರು, ಚಾರ್ಜರಿಗೊಂದು ಪಿನ್ನು. ಒಂದಕ್ಕೆ ದುಂಡನೆಯ ಮೂತಿ, ಇನ್ನೊಂದಕ್ಕೆ ಚಪ್ಪಟೆ. ಪಿನ್ನು ಮುರಿದರೆ ಮುಗಿಯಿತು, ಮಾರಿದವನೇ ಅಂಗಡಿ ಮುಚ್ಚಿ ಹೋಗಿರುತ್ತಿದ್ದ.

ಜುಲ್ಫಿಕರ್‌ಗೆ ತಲೆಕೆಟ್ಟು ಹೋಯಿತು. ಒಂದು ದಿನ ಕಟಿಂಗ್ ಪ್ಲೇಯರ್ ತೆಗೆದುಕೊಂಡು ಎಲ್ಲ ಮೂತಿಗಳನ್ನೂ ಕತ್ತರಿಸಿ ಒಂದೇ ನಮೂನೆಯ ಪಿನ್ನು ಹಾಕಿಬಿಟ್ಟ. ಹಲಗೆಯ ಮೇಲೆ ಚಾರ್ಜರುಗಳನ್ನು ಸಾಲಾಗಿ ನೇತುಹಾಕಿ, ಒಂದೊಂದರ ಮೇಲೂ ಯಜಮಾನನ ಹೆಸರು ಬರೆದ. “ಪಿನ್ನು ಒಂದೇ ಮಾಡಿವ್ನಿ ಕಣಣ್ಣ, ಮುರಿದ್ರೆ ಕೂತ ಕಡೇಲೇ ಹಾಕ್ಕೊಡ್ತೀನಿ. ಆದ್ರೆ ಅವರವರ ಚಾರ್ಜರು ಅವರವರಿಗೇ” ಎಂದು ಸಾರಿ ಸಾರಿ ಹೇಳಿದ. ಭಾವ ಮೊದಲರ್ಧ ಮಾತ್ರ ಕೇಳಿಸಿಕೊಂಡರು. ಅಂಥ ಕಿವಿಯಿದ್ದೂ!

ಮುಂದಿನ ಶುಕ್ರವಾರ ಜುಲ್ಫಿಕರ್ ನಮಾಜಿಗೆ ಹೋಗಿದ್ದ. ಅಂಗಡಿಯಲ್ಲಿ ನಾನು ಮತ್ತು ಭಾವ. ಹಿಂದಿನ ವಾರ ನಮ್ಮೂರಿನ ದಾರಿಯ ಏರಿನಲ್ಲಿ ಗಾಡಿ ತೆವಳಿತ್ತು, ಹಿಂದೆ ಕೂತ ಅಕ್ಕ ಷರತ್ತು ನೆನಪಿಸುವಂತೆ ಕೆಮ್ಮಿದ್ದಳು. ಆ ಕೆಮ್ಮು ಭಾವನ ತಲೆಯಲ್ಲಿ ಕೂತುಬಿಟ್ಟಿತ್ತು. ತಮ್ಮ ಚಾರ್ಜರನ್ನು ತೆಗೆದು ಅಲ್ಲಾಡಿಸಿದರು. ಸದ್ದಿಲ್ಲ. ಪಕ್ಕದ್ದು ಕೊಬ್ಬರಿ ದಲಾಲಿ ಬಸವರಾಜು ಅವರದು, ದೊಡ್ಡ ಗಾಡಿಯದು. ಅದನ್ನು ಅಲ್ಲಾಡಿಸಿದರು. ಒಳಗೆ ಯಾವುದೋ ಸ್ಕ್ರೂ ಬಿಚ್ಚಿಕೊಂಡಿತ್ತೋ ಏನೋ, ಲೊಟಲೊಟ ಎಂದಿತು.

ಭಾವನ ಮುಖ ಅರಳಿತು. “ಕೇಳ್ಲಾ ಭಾಮೈದ! ನಮ್ಮದು ಇನ್ನೂ ಹಸಿ. ಇದು ಬಲ್ತೈತೆ!”

“ಭಾವ, ಅದು ಬಸವರಾಜು ಅವರದು.”

“ಪಿನ್ನು ಕೂತ್ಕಂತು ನೋಡು. ಕೂತ್ಕಂಡ ಮೇಲೆ ಯಾರ್ದಾದ್ರೇನು?”

ಭಾವ ಸ್ವಿಚ್ಚು ಹಾಕಿದರು. ನನಗೂ ಅಷ್ಟೇ ಗೊತ್ತಿದ್ದದ್ದು.

ಜುಲ್ಫಿಕರ್ ಬರುವ ಮೊದಲೇ ಚಾರ್ಜರನ್ನು ಮೊಳೆಗೆ ವಾಪಸ್ ಹಾಕಿ, ಅಕ್ಕನನ್ನು ಕೂರಿಸಿಕೊಂಡು ಹೊರಟರು. ನಾನು ಸೈಕಲ್ಲಿನಲ್ಲಿ ಹಿಂದೆ. ತಿಪಟೂರು ದಾಟುತ್ತಿದ್ದಂತೆ ಸೀಟಿನ ಕೆಳಗಿನಿಂದ ಕೆಟ್ಟ ವಾಸನೆ. ಏರು ಇನ್ನೂ ಕಣ್ಣಿಗೆ ಬಿದ್ದಿರಲಿಲ್ಲ, ಗಾಡಿ ನಿಂತೇಹೋಯಿತು. ಸೀಟು ಎತ್ತಿ ನೋಡಿದರೆ ಬ್ಯಾಟರಿಗಳ ಹೊಟ್ಟೆ ಉಬ್ಬಿ, ಮುಟ್ಟಲಾಗದಷ್ಟು ಸುಡುತ್ತಿದ್ದವು.

ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮಂಡಿಯಿಂದ ಖಾಲಿ ಬರುತ್ತಿದ್ದ ಲಗೇಜ್ ಆಟೋ ನಿಲ್ಲಿಸಿ, ನನ್ನ ಹೆಗಲು ಹಿಡಿದು ಹತ್ತಿ, ಗೋಣಿಚೀಲಗಳ ಮೇಲೆ ಕಾಲು ಚಾಚಿ ಕೂತಳು. ಭಾವ ಮಲಗಿದ ಸ್ಕೂಟರನ್ನು ತಬ್ಬಿಕೊಂಡು ಎದುರಿಗೆ ಕೂತರು. ನನಗೆ ನಗು ತಡೆಯಲಾಗುತ್ತಿರಲಿಲ್ಲ, ಆದರೆ ಅಕ್ಕನ ಕಾಲು ನೆನೆದು ಸಂಕಟವೂ ಆಯಿತು.

ವಿಷಯ ತಿಳಿದ ಜುಲ್ಫಿಕರ್ ಭಾನುವಾರ ಬೇರೆ ಬ್ಯಾಟರಿಗಳನ್ನು ಹೊತ್ತು ಹಾಲ್ಕುರಿಕೆಗೇ ಬಂದ. “ತಪ್ಪು ನಂದೂ ಐತೆ ಕಾಳಕ್ಕ. ಮೂತಿ ಒಂದು ಮಾಡ್ದೆ, ಕರೆಂಟು ಒಂದು ಮಾಡೋಕಾಗುತ್ತಾ? ಅವರ ಗಾಡಿದು ಜಾಸ್ತಿ ವೋಲ್ಟು, ನಿಮ್ದು ಕಮ್ಮಿ. ಈಗ ವೋಲ್ಟಿಗೊಂದು ಪಿನ್ನು ಹಾಕಿವ್ನಿ. ತಪ್ಪು ಚಾರ್ಜರು ತಳ್ಳಿದ್ರೂ ಒಳಗೆ ಹೋಗಾಕಿಲ್ಲ. ಅಣ್ಣ ತಳ್ಳಿದ್ರೂ ಹೋಗಾಕಿಲ್ಲ.”

ಅಕ್ಕ ಆ ಪಿನ್ನನ್ನು ತಿರುಗಿಸಿ ತಿರುಗಿಸಿ ನೋಡಿದಳು. ಭಾವ ಕಂಬಕ್ಕೊರಗಿ ನಿಂತಿದ್ದರು. ಅಷ್ಟು ಸಣ್ಣಗಾದ ಭಾವನನ್ನು ನಾನು ನೋಡಿರಲಿಲ್ಲ.

“ಏನೇ, ಹತ್ತುತೀಯೇನೇ ಶುಕ್ರವಾರ?” ಎಂದರು ಮೆಲ್ಲಗೆ.

ಅಕ್ಕ ಗೋಡೆ ಹಿಡಿದು ಎದ್ದು, ಕುಂಟುತ್ತಾ ಅವರ ಹತ್ತಿರ ಹೋದಳು. ಅವರ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ತನ್ನ ಕಿವಿಗೆ ಹತ್ತಿರ ತಂದು, ಚೆನ್ನಾಗಿ ಅಲ್ಲಾಡಿಸಿದಳು.

“ಇನ್ನೂ ನೀರು ಕುಲುಕ್ತೈತೆ” ಎಂದಳು. “ಶುಕ್ರವಾರ ನಾನೇ ಚಾರ್ಜಿಗೆ ಹಾಕ್ತೀನಿ. ನೀವು ಗಾಡಿ ಮಾತ್ರ ಓಡ್ಸಿ.”