ಉಂಗುರ ಬಿಚ್ಚಿ ಕೊಡುತ್ತಿದ್ದ ಮುನಿರಾಜಣ್ಣ

ಮುನಿರಾಜಣ್ಣ ನಮ್ಮ ಕಾರಿನ ಡಿಕ್ಕಿಯೊಳಗೆ ಮೈ ಮಡಚಿಕೊಂಡು ಮಲಗಿದ್ದರು, ಅಪ್ಪ ಮೇಲಿನಿಂದ ಬಾಗಿಲು ಒತ್ತಿ ಮುಚ್ಚಿದ್ದರು ಎಂದು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಬರೆಯಲು ಕೂತ ಮೇಲೆ ಅಷ್ಟು ಧೈರ್ಯ ಉಳಿದಿಲ್ಲ. ಅಮ್ಮನನ್ನು ಕೇಳಿದರೆ, “ಅವ್ರೆಲ್ಲಿ ಮಲ್ಗಿದ್ರು? ತಲೆ, ಭುಜ ಮಾತ್ರ ಒಳಗ್ ಹಾಕಿದ್ರು ಕಣೋ. ಉಳಿದಿದ್ದೆಲ್ಲ ನೀನ್ ಸೇರಿಸ್ಕೊಂಡಿರೋದು” ಎನ್ನುತ್ತಾಳೆ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟ ಅಷ್ಟು ಅಗಲದ ಮನುಷ್ಯ ಅಲ್ಲಿ ಹಿಡಿಸುವುದು ನಂಬುವಂಥ ಮಾತಲ್ಲ, ಒಪ್ಪುತ್ತೇನೆ. ಆದರೂ ಮುಚ್ಚಿದ ಬಾಗಿಲಿನ ಕೆಳಗಿನಿಂದ ಬಂದ ಅವರ ದನಿ ನನಗೆ ಇನ್ನೂ ಕೇಳಿಸುತ್ತದೆ. ವಿಶ್ವವಿದ್ಯಾಲಯದಲ್ಲಿ ನಾನು ಕಲಿತದ್ದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ, ಆಧಾರವೇನು ಎಂಬುದು. ಆ ದನಿಗೆ ನನ್ನ ಕಿವಿಯ ಹೊರತು ಬೇರೆ ಆಧಾರವಿಲ್ಲ.

ಯಲಹಂಕದಿಂದ ದೊಡ್ಡಬಳ್ಳಾಪುರದ ಕಡೆಗೆ ಹೋಗುವ ರಸ್ತೆಯಲ್ಲಿ ಅವರ ಶೆಡ್ಡು. ಕಾರುಗಳ ವೈರಿಂಗ್ ಕೆಲಸ. ಅವರದು ರಾಜಾನುಕುಂಟೆಯ ಹಳೆಯ ಒಕ್ಕಲು ಮನೆತನ. ದ್ರಾಕ್ಷಿ ತೋಟವಿದ್ದ ಜಾಗದಲ್ಲಿ ಆಗಲೇ ಸೈಟುಗಳ ಕಲ್ಲು ನೆಟ್ಟಾಗಿತ್ತು. ಅಣ್ಣತಮ್ಮಂದಿರು ಕಟ್ಟಡ ಕಟ್ಟಿಸುವುದಕ್ಕೆ ಇಳಿದು ದೊಡ್ಡ ದೊಡ್ಡ ಗಾಡಿಗಳಲ್ಲಿ ಓಡಾಡುತ್ತಿದ್ದರು. ಇವರಿಗೂ ಪಾಲು ಬಂದಿತ್ತು, ಕೂತು ಉಣ್ಣಬಹುದಿತ್ತು. ಆದರೆ ಬೆಳಗಾದರೆ ಶೆಡ್ಡಿಗೆ ಬಂದು ಯಾರದೋ ಬಾನೆಟ್ಟಿನೊಳಗೆ ಬಗ್ಗುತ್ತಿದ್ದರು. ಯಾಕೆ ಎಂದು ಅಪ್ಪ ಒಮ್ಮೆ ಕೇಳಿದಾಗ, “ಮನೆ ಕಟ್ಸಿದ್ರೆ ದಿನಾ ಮೇಸ್ತ್ರಿ ತಾವ ಜಗಳ ಯಜಮಾನ್ರೆ. ಇಲ್ಲಿ ವೈರ್ ತಾವ ಜಗಳ. ವೈರು ತಿರ್ಗಿ ಬೈಯಲ್ಲ” ಎಂದಿದ್ದರು.

ವಿನಯವೆಂಬುದು ಅವರ ಹತ್ತಿರ ಸುಳಿಯುತ್ತಿರಲಿಲ್ಲ. ಹೆಬ್ಬಾಳ ದಾಟಿದ ಮೇಲೆ ತಮ್ಮಂಥ ಕೆಲಸಗಾರ ಇನ್ನೊಬ್ಬನಿಲ್ಲವೆಂದು ನಂಬಿದ್ದರು, ಬಂದವರನ್ನೂ ನಂಬಿಸುತ್ತಿದ್ದರು. ಅಂಗಿಗೆ ಕೊಳೆ ಮಾಡಿಕೊಳ್ಳುವವನು ಮೆಕ್ಯಾನಿಕ್, ಮಾಡಿಕೊಳ್ಳದವನು ಎಲೆಕ್ಟ್ರಿಷಿಯನ್ ಎಂಬುದು ಅವರು ಮಾಡಿಕೊಂಡಿದ್ದ ವಿಂಗಡಣೆ. ಬಲಗೈ ಬೆರಳಿಗೆ ಹವಳದ ದಪ್ಪ ಚಿನ್ನದುಂಗುರ. ಹಿಂದೊಮ್ಮೆ ಆ ಉಂಗುರ ಬ್ಯಾಟರಿಗೆ ತಗುಲಿ ಬೆರಳು ಸುಟ್ಟಿತ್ತಂತೆ. ಸುತ್ತಲೂ ಬಿಳಿಚಿದ ಕಲೆಯಿತ್ತು. ಅಂದಿನಿಂದ ಕೆಲಸಕ್ಕೆ ಕೈ ಹಾಕುವ ಮೊದಲು ಉಂಗುರ ಬಿಚ್ಚಿ ಗಾಡಿಯ ಒಡೆಯನ ಕೈಗೇ ಕೊಡುವುದು ರೂಢಿ. “ಬೆರಳ್ಗೆ ಆಕ್ಕಳಿ ಸ್ವಾಮಿ. ಜೇಬಲ್ಲಿಟ್ರೆ ಮರ್ತೋಯ್ತೀರ.” ಇದರಲ್ಲಿ ಒಂದು ಉಪಾಯವೂ ಇತ್ತೆಂದು ನನ್ನ ಅನುಮಾನ. ಇನ್ನೊಬ್ಬರ ಚಿನ್ನ ಬೆರಳಿಗೆ ಹಾಕಿಕೊಂಡವನು ಗಾಡಿ ಬಿಟ್ಟು ಕಾಫಿಗೆಂದು ತಪ್ಪಿಸಿಕೊಳ್ಳಲಾರ. ಅವರಿಗೆ ಕೆಲಸ ಮಾಡುವಾಗ ಕೇಳುವವರು ಬೇಕಿತ್ತು.

ಒಮ್ಮೆ ಹೂವಿನ ಅಲಂಕಾರ ಮಾಡಿದ ಮದುವೆಯ ಕಾರು ಅವರ ಶೆಡ್ಡಿನ ಮುಂದೆ ಕೆಟ್ಟು ನಿಂತಿತಂತೆ. ಅವರು ಪದ್ಧತಿ ಬಿಡದೆ ಉಂಗುರವನ್ನು ಮದುಮಗನ ಬೆರಳಿಗೇ ತೊಡಿಸಿದರು. ಗಾಡಿ ಸರಿಯಾದ ಕೂಡಲೇ ಮುಹೂರ್ತದ ಅವಸರದಲ್ಲಿ ದಿಬ್ಬಣ ಹೊರಟುಹೋಯಿತು, ಉಂಗುರವೂ ಹೋಯಿತು. ಇವರು ಸ್ಕೂಟರಿನಲ್ಲಿ ಛತ್ರಕ್ಕೆ ಹೋಗಿ ನೋಡಿದರೆ ಹೆಣ್ಣಿನ ಕಡೆಯವರು ಆ ಹವಳವನ್ನು ಮೆಚ್ಚಿಕೊಂಡು ಮಾತಾಡುತ್ತಿದ್ದರು. “ಆಗ ಎಂಗ್ ಕೇಳೋದು ಏಳಿ. ತಾಳಿ ಕಟ್ಟೋಗಂಟ ಕಾದೆ. ಊಟ ಮಾಡ್ದೆ. ಆಮ್ಯಾಕೆ ಕೈ ತೊಳ್ಯೋ ತಾವ ಇಸ್ಕೊಂಡೆ.” ಈ ಛತ್ರ ಒಂದು ಸಲ ಯಲಹಂಕದಲ್ಲಿರುತ್ತಿತ್ತು, ಇನ್ನೊಂದು ಸಲ ದೊಡ್ಡಬಳ್ಳಾಪುರದಲ್ಲಿ. ನಾನು ಅದನ್ನು ತೋರಿಸಿಕೊಟ್ಟಾಗ ಅಪ್ಪನ ಕಡೆ ತಿರುಗಿ, “ನಿಮ್ ಮಗ ಕೋರ್ಟಲ್ಲಿರ್ಬೇಕಿತ್ತು ಯಜಮಾನ್ರೆ. ಊಟ ಎಂಗಿತ್ತು ಅಂತ ಕೇಳಲ್ಲ, ಛತ್ರ ಎಲ್ಲಿತ್ತು ಅಂತಾರೆ” ಎಂದರು.

ನಮ್ಮ ಕಾರಿನ ವಿಷಯಕ್ಕೆ ಬರುತ್ತೇನೆ. ವಿಮಾನ ನಿಲ್ದಾಣದ ರಸ್ತೆಗೆ ಮೇಲ್ಸೇತುವೆ ಕಟ್ಟುತ್ತಿದ್ದ ಕಾಲ ಅದು. ಅಪ್ಪ ನಿವೃತ್ತರಾದ ಮೇಲೆ ಒಂದು ಹಳೆಯ ಕಾರು ಕೊಂಡಿದ್ದರು. ಬೆಳಿಗ್ಗೆ ಇಬ್ಬರು ಗೆಳೆಯರನ್ನು ಹತ್ತಿಸಿಕೊಂಡು ಕೆರೆಯ ಏರಿಗೆ ಹೋಗುವುದು ಅವರ ದಿನಚರಿ. ಗೆಳೆಯರಿಬ್ಬರಿಗೂ ಮಂಡಿನೋವು. ಅವರಿಗೆಂದು ಮಡಚುವ ಕುರ್ಚಿಗಳು, ತಮಗೆಂದು ಒಂದು ದಪ್ಪ ಜಮಖಾನೆ, ಇವು ಸದಾ ಡಿಕ್ಕಿಯಲ್ಲೇ ಇರುತ್ತಿದ್ದವು. ಆ ವರ್ಷ ಕಾರು ಒಂದೆರಡು ದಿನ ನಿಂತರೆ ಸಾಕು, ಕೀ ತಿರುಗಿಸಿದಾಗ ಟಕ್ ಎಂದು ಸುಮ್ಮನಾಗತೊಡಗಿತು. ಬ್ಯಾಟರಿಯಲ್ಲಿ ಚಾರ್ಜೇ ಇರುತ್ತಿರಲಿಲ್ಲ. ಹೊಸ ಬ್ಯಾಟರಿ ಹಾಕಿಸಿದರೂ ಅದೇ ಪಾಡು.

ಲೈಟು ಆರಿಸುವುದನ್ನು ಮರೆತಿರುತ್ತಾರೆ ಎಂದು ಮನೆಯಲ್ಲಿ ಎಲ್ಲರೂ ಅಂದುಕೊಂಡೆವು. ಮೊದಮೊದಲು ಅಪ್ಪ ರೇಗುತ್ತಿದ್ದರು. ಆಮೇಲೆ ಕಾರು ನಿಲ್ಲಿಸಿ ಒಳಗೆ ಬಂದವರು ಮತ್ತೆ ಹೊರಗೆ ಹೋಗಿ, ಹೊದಿಸಿದ ಕವರ್ ಎತ್ತಿ ನೋಡಿ ಬರತೊಡಗಿದರು. ಆಮೇಲೆ ಒಂದು ದಿನ ತಿಂಡಿ ತಿನ್ನುತ್ತಾ, “ಹೌದು, ಈಗ ನೆನಪಾಯ್ತು. ಗೇಟ್ ಹಾಕೋಕೆ ಇಳಿದೆನಲ್ಲ, ಆಗ ಪಾರ್ಕಿಂಗ್ ಲೈಟ್ ಹಾಗೇ ಬಿಟ್ಟೆ. ತಪ್ಪು ನಂದೇ” ಎಂದರು. ಗೇಟು ಹಾಕಿದ್ದು, ಚಪ್ಪಲಿ ಕಲ್ಲಿಗೆ ಎಡವಿದ್ದು, ಲೈಟಿನ ಬೆಳಕು ಗೋಡೆಯ ಮೇಲೆ ಬಿದ್ದಿದ್ದು, ಎಲ್ಲವನ್ನೂ ಬಿಡಿಸಿ ಹೇಳಿದರು.

ಎರಡು ಸಲ ಕಾರನ್ನು ಮುನಿರಾಜಣ್ಣನ ಶೆಡ್ಡಿಗೆ ಒಯ್ದೆವು. ಅವರ ಪರೀಕ್ಷೆ ಸರಳ. ಬ್ಯಾಟರಿಯ ಒಂದು ವೈರು ಕಳಚಿ, ಆ ಸಂದಿನಲ್ಲಿ ಒಂದು ಚಿಕ್ಕ ಬಲ್ಬು ಸಿಕ್ಕಿಸುವುದು. ಗಾಡಿಯ ಬಾಗಿಲುಗಳನ್ನೆಲ್ಲ ಹಾಕಿ ಸುಮ್ಮನೆ ಕಾಯುವುದು. “ಮಲಗ್ತಾ ಐತೆ, ಮೆತ್ತಗೆ ಮಾತಾಡಿ” ಎನ್ನುತ್ತಿದ್ದರು, ತೊಟ್ಟಿಲ ಪಕ್ಕ ಕೂತವರ ಹಾಗೆ. ಎಲ್ಲ ಆರಿಸಿದ ಮೇಲೂ ಆ ಬಲ್ಬು ಉರಿದರೆ ಗಾಡಿಯಲ್ಲಿ ಯಾವುದೋ ಒಂದು ಕದ್ದು ಕರೆಂಟು ಕುಡಿಯುತ್ತಿದೆ ಎಂದರ್ಥ. ಆಗ ಫ್ಯೂಸುಗಳನ್ನು ಒಂದೊಂದಾಗಿ ಕೀಳುತ್ತಾ ಹೋಗುವುದು. ಯಾವುದನ್ನು ಕಿತ್ತಾಗ ಬಲ್ಬು ಆರುತ್ತದೋ ಆ ದಾರಿಯಲ್ಲೇ ಕಳ್ಳ. ಮೊದಲ ಸಲ ಬಲ್ಬು ಮಿಣುಕ್ ಎಂದಂತಾಯಿತೆಂದು ರೇಡಿಯೋ ಕಿತ್ತುಹಾಕಿದರು. ಅಪ್ಪನಿಗೆ ವಾರ್ತೆ ತಪ್ಪಿತು, ಬ್ಯಾಟರಿ ಮಾತ್ರ ಹಿಂದಿನಂತೆಯೇ ಸತ್ತಿತು. ಎರಡನೆಯ ಸಲ ಬಲ್ಬು ಉರಿಯಲೇ ಇಲ್ಲ. “ಗಾಡೀಲಿ ಏನೂ ಇಲ್ಲ. ಬರ್ಕೊಡ್ತೀನಿ ಬೇಕಾದ್ರೆ” ಎಂದು ಎದೆ ಸೆಟೆಸಿ ಹೇಳಿದರು.

ಗಾಡಿಯಲ್ಲಿ ಏನೂ ಇಲ್ಲವೆಂದ ಮೇಲೆ ದೋಷ ಅಪ್ಪನ ತಲೆಯಲ್ಲೇ ಇರಬೇಕಾಯಿತು. ಮುಂದಿನ ವಾರ ಕಾರು ಮತ್ತೆ ನಿಂತಾಗ ಅವರು ಯಾರ ಮೇಲೂ ರೇಗಲಿಲ್ಲ. ಕೀಯನ್ನು ದೇವರ ಗೂಡಿನ ಪಕ್ಕದಲ್ಲಿಟ್ಟು, “ಇನ್ನು ನಾನು ಓಡ್ಸಲ್ಲ. ಇವತ್ತು ಲೈಟು ಮರೆತೆ, ನಾಳೆ ಬ್ರೇಕು ಮರೀತೀನಿ” ಎಂದರು. ಗೆಳೆಯರಿಗೆ ಫೋನು ಮಾಡಿ ಕೆರೆಗೆ ಬರುವುದಿಲ್ಲ ಎಂದೂ ಹೇಳಿಬಿಟ್ಟರು. ಕಾರಿಗಿಂತ ದೊಡ್ಡದೊಂದು ನಿಂತುಹೋಗುತ್ತಿದೆ ಎಂದು ನನಗನ್ನಿಸಿತು.

ನಾನು ಶೆಡ್ಡಿಗೆ ಹೋಗಿ, ಅಪ್ಪ ಹೀಗೆ ಓಡಿಸುವುದನ್ನೇ ಬಿಟ್ಟರು ಎಂದೆ. ಮುನಿರಾಜಣ್ಣ ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಟರು.

“ನಾ ಏನೂ ಇಲ್ಲ ಅಂದಿದ್ಕಾ?”

“ನೀವು ಅಂದ ಮೇಲೆ ಇನ್ನೇನು.”

“ನಾ ಅಂದಿದ್ದು ಗಾಡಿ ಬಗ್ಗೆ ಸ್ವಾಮಿ. ಅವರ್ ಬಗ್ಗೆ ಅಲ್ಲ.” ಇಕ್ಕಳವನ್ನು ಮತ್ತೆ ಎತ್ತಿಕೊಂಡು, “ಗಾಡಿ ಅಲ್ಲಾಡಿಸ್ಬೇಡಿ. ಎಂಗೈತೋ ಅಂಗೇ ಬಿಡಿ. ನಾನೇ ಬತ್ತೀನಿ” ಎಂದರು.

ಮಾರನೆಯ ಬೆಳಿಗ್ಗೆ ಸ್ಕೂಟರಿನ ಮುಂದೆ ಒಂದು ಬ್ಯಾಟರಿ ಇಟ್ಟುಕೊಂಡು ಬಂದರು. ಒಳಗೆ ಕೂತಿದ್ದ ಅಪ್ಪನನ್ನು ಕರೆಸಿ ಉಂಗುರ ತೊಡಿಸಿದರು. ತಾವು ತಂದ ಬ್ಯಾಟರಿ ಜೋಡಿಸಿ ಬಲ್ಬು ಸಿಕ್ಕಿಸಿದ್ದೇ ತಡ, ಅದು ಹಗಲು ಬೆಳಕಿನಲ್ಲೂ ಕಾಣುವಂತೆ ಉರಿಯಿತು. ಎಷ್ಟು ಕಾದರೂ ಆರಲಿಲ್ಲ. ಮುನಿರಾಜಣ್ಣನ ಮುಖದಲ್ಲಿ ಗೆಲುವಿರಲಿಲ್ಲ.

“ಶೆಡ್ಡಲ್ ಉರೀಲಿಲ್ಲ, ಇಲ್ಲಿ ಉರೀತೈತೆ. ಗಾಡಿ ಅದೇಯ. ಏನಮ್ಮ ಬದ್ಲಾಗಿರೋದು?”

ಕಾಫಿ ತಂದ ಅಮ್ಮ, “ಬದಲಾಗೋಕೆ ಏನಿದೆ? ಶೆಡ್ಡಿಗೆ ಕಳಿಸ್ವಾಗ ಸಾಮಾನೆಲ್ಲ ಇಳಿಸ್ಕೋತೀವಿ ಅಷ್ಟೆ. ಬಿಟ್ಟುಬಂದ್ರೆ ವಾಪಸ್ ಸಿಗುತ್ತಾ?” ಎಂದಳು. ಆಮೇಲೆ ಯಾರ ಮುಂದೆ ಹೇಳಿದೆನೆಂದು ಹೊಳೆದು ಲೋಟ ಮುಂದೆ ಹಿಡಿದಳು.

ಮುನಿರಾಜಣ್ಣ ಕಾಫಿ ಮುಟ್ಟಲಿಲ್ಲ. ಒಂದು ಫ್ಯೂಸು ಕಿತ್ತರು, ಬಲ್ಬು ಆರಿತು. ಅದು ಕಾರಿನ ಒಳದೀಪಗಳ ಫ್ಯೂಸು. ಅದನ್ನು ಮತ್ತೆ ಸಿಕ್ಕಿಸಿ ಒಳಗೆ ಇಣುಕಿದರೆ ಯಾವ ದೀಪವೂ ಉರಿಯುತ್ತಿರಲಿಲ್ಲ. ಉಳಿದದ್ದು ಡಿಕ್ಕಿ. ಬಾಗಿಲು ತೆಗೆದಾಗ ಉರಿದು, ಮುಚ್ಚಿದಾಗ ಆರಬೇಕಾದ ಪುಟ್ಟ ದೀಪ ಅಲ್ಲೊಂದಿದೆ. ಕುರ್ಚಿಗಳ ಮೇಲೆ ತುರುಕಿದ ಜಮಖಾನೆಯ ಸುರುಳಿ ಬಾಗಿಲನ್ನು ಕೂದಲೆಳೆಯಷ್ಟು ಮೇಲಕ್ಕೆ ಒತ್ತುತ್ತಿತ್ತು. ಬೀಗ ಬೀಳುತ್ತಿತ್ತು, ಆದರೆ ಸವೆದಿದ್ದ ಸ್ವಿಚ್ಚು ಪೂರ್ತಿ ಅದುಮಿಕೊಳ್ಳುತ್ತಿರಲಿಲ್ಲ. ಶೆಡ್ಡಿಗೆ ಹೋಗುವಾಗ ಡಿಕ್ಕಿ ಖಾಲಿ, ಬಾಗಿಲು ಸರಿಯಾಗಿ ಕೂರುತ್ತಿತ್ತು, ಬಲ್ಬು ಉರಿಯುತ್ತಿರಲಿಲ್ಲ.

“ನಾ ನೋಡಿದ್ದು ಬರೀ ಗಾಡಿ. ಬರೀ ಗಾಡಿ ಯಾರ್ ಓಡಿಸ್ತಾರೆ” ಎಂದು ಅವರು ತಮಗೆ ತಾವೇ ಹೇಳಿಕೊಂಡರು.

ಅಪ್ಪನಿಗೆ ಮಾತ್ರ ನಂಬಿಕೆ ಬರಲಿಲ್ಲ. “ಇದೂ ಇರಬಹುದು ಮುನಿರಾಜು. ಆದ್ರೆ ಲೈಟ್ ಆರಿಸದೆ ಬಂದದ್ದು ನನಗೆ ಕಣ್ಣಿಗೆ ಕಟ್ಟಿದ ಹಾಗೆ ನೆನಪಿದೆ. ಗೋಡೆ ಮೇಲೆ ಬೆಳಕಿತ್ತು.”

“ಡಿಕ್ಕಿ ದೀಪ ಇಡೀ ರಾತ್ರಿ ಉರ್ದೈತೆ ಅಂದ್ರೂ ನಂಬಲ್ವಾ?”

“ಮುಚ್ಚಿದ ಮೇಲೆ ಉರೀತಿದೆ ಅಂತ ನೋಡಿದೋರು ಯಾರು?”

ಅಪ್ಪ ಆ ಪ್ರಶ್ನೆ ಕೇಳಿದಾಗ ಮುನಿರಾಜಣ್ಣ ನನ್ನ ಕಡೆ ನೋಡಿದರು, ಇದು ನಿಮ್ಮ ಮನೆತನದ ರೋಗ ಎನ್ನುವಂತೆ. ನನ್ನ ನೆನಪಿನ ಪ್ರಕಾರ ಆಗಲೇ ಅವರು ಬ್ಯಾಟರಿಯ ವೈರು ಮೊದಲಿನಂತೆ ಜೋಡಿಸಿ, ಕುರ್ಚಿಗಳನ್ನು ಇಳಿಸಿ, ಜಮಖಾನೆಯನ್ನು ಬಾಗಿಲು ಒತ್ತುವಂತೆ ಅಂಚಿಗಿಟ್ಟು, ಬಿಳಿ ಅಂಗಿಯ ತೋಳು ಮಡಚಿ ಒಳಗೆ ಹತ್ತಿದ್ದು. ಅಪ್ಪ ಉಂಗುರ ತೊಟ್ಟ ಕೈಯಿಂದಲೇ ಬಾಗಿಲು ಒತ್ತಿದ್ದು. ಬೀಗ ಬಿತ್ತು. ಒಳಗೆ ಹಾಸಿದ್ದ ಹಳೆಯ ಪೇಪರನ್ನು ಎಳೆದುಕೊಂಡ ಸದ್ದು. ಆಮೇಲೆ ದನಿ.

“ಚೆನ್ನಾಗ್ ಉರೀತಾ ಐತೆ ಯಜಮಾನ್ರೆ. ಪೇಪರ್ ಓದ್ಬೋದು. ನಿಮ್ದ್ ಯಾವ ರಾಶಿ?”

“ಕನ್ಯಾ” ಎಂದರು ಅಪ್ಪ, ಡಿಕ್ಕಿಗೆ ಬಗ್ಗಿ.

“ಕನ್ಯಾ, ಕನ್ಯಾ... ಅಪವಾದ ದೂರವಾಗುವುದು ಅಂತ ಐತೆ. ಬಾಗ್ಲು ತೆಗೀರಿ, ಸೆಕೆ.”

ಪೇಪರಿನಲ್ಲಿ ಹಾಗೆ ಬರೆದಿತ್ತೆಂದು ನಾನು ಆಗಲೂ ನಂಬಲಿಲ್ಲ. ಆದರೆ ಅಪ್ಪ ನಕ್ಕರು. ಬಾಗಿಲು ತೆಗೆದ ಮೇಲೂ, ಆ ದೊಡ್ಡ ಮೈಯನ್ನು ಹೊರಗೆಳೆಯುವಾಗಲೂ ನಗುತ್ತಲೇ ಇದ್ದರು. ಅಮ್ಮ ಹೇಳುವಂತೆ ತಲೆ, ಭುಜ ಮಾತ್ರ ಒಳಗಿದ್ದರೆ ಬೀಗ ಬೀಳಲು ಸಾಧ್ಯವೇ ಇಲ್ಲ. ನಕ್ಕಿದ್ದನ್ನು ಮಾತ್ರ ಅಮ್ಮನೂ ಒಪ್ಪುತ್ತಾಳೆ. ನಗು ನಿಂತ ಮೇಲೆ ಅಪ್ಪ, “ಹಾಗಾದ್ರೆ ಆ ಗೋಡೆ ಮೇಲಿನ ಬೆಳಕು?” ಎಂದು ಮೆಲ್ಲಗೆ ಕೇಳಿದರು.

ಮುನಿರಾಜಣ್ಣ ಉಂಗುರ ವಾಪಸು ತೊಟ್ಟುಕೊಳ್ಳುತ್ತಾ, “ಎಲ್ರೂ ಸೇರಿ ನೀವೇ ನೀವೇ ಅಂದ್ರೆ ನಂಗೂ ಬೆಳಕು ಕಾಣ್ತದೆ ಬುಡಿ” ಎಂದರು. ಹೊಸ ಸ್ವಿಚ್ಚು ಹಾಕಿದರು. ರೇಡಿಯೋ ತಂದು ಮತ್ತೆ ಕೂರಿಸಿದರು. ಮಾರನೆಯ ದಿನ ಅಪ್ಪ ಕೆರೆಗೆ ಹೋದರು.

ಅದಾದ ಮೇಲೆ ಕೆಲಸವಿರಲಿ ಬಿಡಲಿ ಅಪ್ಪ ಆಗಾಗ ಶೆಡ್ಡಿನ ಮುಂದೆ ನಿಂತು ಬರುತ್ತಿದ್ದರು. ನಾನು ಮುನಿರಾಜಣ್ಣನನ್ನು ಕಡೆಯ ಸಲ ನೋಡಿದಾಗ ಅವರು ಕೆಲಸ ಕಡಿಮೆ ಮಾಡಿದ್ದರು, ಮಾತು ಕಡಿಮೆ ಮಾಡಿರಲಿಲ್ಲ. ಅಪ್ಪನಿಗೆ ಅಷ್ಟರಲ್ಲಿ ನಿಜವಾಗಿಯೂ ಮರೆವು ಶುರುವಾಗಿತ್ತು. ಹೆಸರುಗಳು ತಪ್ಪುತ್ತಿದ್ದವು, ಊಟ ಆಯಿತೋ ಇಲ್ಲವೋ ಎಂದು ಕೇಳುತ್ತಿದ್ದರು. ಅದನ್ನು ಹೇಳಿದಾಗ ಮುನಿರಾಜಣ್ಣ ನನ್ನನ್ನೇ ದಿಟ್ಟಿಸಿ, “ನೋಡಿದ್ದೀರೋ, ಅಂದ್ಕೊಂಡಿದ್ದೀರೋ?” ಎಂದರು. ನೋಡಿದ್ದೇನೆ ಎಂದೆ. “ಅಂಗಾದ್ರೆ ಸರಿ” ಎಂದರು.

ಅವರು ತೀರಿಕೊಂಡಾಗ ನಾನು ಕೆಲಸದ ಮೇಲೆ ಧಾರವಾಡದಲ್ಲಿದ್ದೆ. ಅಮ್ಮ ತುಮಕೂರಿನಲ್ಲಿ ತಂಗಿಯ ಮನೆಯಲ್ಲಿದ್ದಳು. ವಾಪಸು ಬಂದಾಗ ಅಪ್ಪ, “ಮುನಿರಾಜು ಹೋದ. ನಾನೇ ಕಾರಲ್ಲಿ ಹೋಗಿ ಮಣ್ಣು ಮಾಡೋವರೆಗೂ ಇದ್ದು ಬಂದೆ” ಎಂದರು. ಅಮ್ಮ ನನ್ನ ಮುಖ ನೋಡಿದಳು. ಹೋಗದ ಮದುವೆಗಳಿಗೆ ಹೋಗಿ ಬಂದೆನೆಂದು ಅವರು ಆ ಮೊದಲೇ ಹೇಳತೊಡಗಿದ್ದರು. ಕಾರು ಹೊರಟದ್ದನ್ನು ಬೀದಿಯಲ್ಲಿ ಯಾರೂ ನೋಡಿರಲಿಲ್ಲ. ಕಾರಿನ ಮೇಲೆ ಎಂದಿನಂತೆ ಕವರ್ ಹೊದಿಸಿತ್ತು. ನಾವು ಹೂಂ ಎಂದೆವು, ಅಷ್ಟೆ.

ಅಪ್ಪನೂ ಹೋದ ಮೇಲೆ ಒಂದು ದಿನ ರಾಜಾನುಕುಂಟೆಯಲ್ಲಿ ಇಳಿದು ಮುನಿರಾಜಣ್ಣನ ಮನೆ ಹುಡುಕಿಕೊಂಡು ಹೋದೆ. ಅವರ ಹೆಂಡತಿ ಗೌರಮ್ಮ ಕಟ್ಟೆಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದರು. ಯಾರ ಮಗ ಎಂದು ಹೇಳಿಕೊಂಡು, ಅಪ್ಪ ಅಂದು ಬಂದಿದ್ದರೇ ಎಂದು ಕೇಳಿದೆ.

“ಬರ್ದೆ ಏನಪ್ಪ. ಒಬ್ರೇ ಬಂದಿದ್ರು. ಮಣ್ಣಾಗೋಗಂಟ ಇದ್ರು. ಓಗೋವಾಗ ನನ್ ಮಗ, ನಾ ಬಿಟ್ ಬತ್ತೀನಿ ಕೀ ಕೊಡಿ ಅಂದ. ಕೊಡ್ಲಿಲ್ಲ. ದಾರಿ ಗೊತ್ತು ಅಂದ್ರು.”

ಮುನಿರಾಜಣ್ಣನ ಬಗ್ಗೆ ನಾನು ಬರೆದದ್ದರಲ್ಲಿ ವಿಚಾರಿಸಿ ಖಚಿತಪಡಿಸಿಕೊಂಡದ್ದು ಇದೊಂದೇ: ಅವರು ತೀರಿಕೊಂಡ ದಿನ ಅಪ್ಪ ತಾವೇ ಕಾರು ಓಡಿಸಿಕೊಂಡು ರಾಜಾನುಕುಂಟೆಗೆ ಹೋಗಿದ್ದರು, ತಾವೇ ಓಡಿಸಿಕೊಂಡು ಮನೆಗೆ ಬಂದಿದ್ದರು.