ಮರಿಯಾನೆಯ ಕಾಗದ ಮೊದಲು ಬಂತು

ಹೆಗ್ಗಡದೇವನಕೋಟೆಯ ಅರಣ್ಯ ಕಚೇರಿಗೆ ಗುಮಾಸ್ತನಾಗಿ ಸೇರಿದ ಎರಡನೆಯ ವರ್ಷ ನನಗೆ ವಿದೇಶ ಪ್ರಯಾಣದ ಸಿದ್ಧತೆಯ ಕೆಲಸ ಗಂಟುಬಿತ್ತು. ಪ್ರಯಾಣ ನನ್ನದಲ್ಲ. ಭೇರ್ಯದ ನಮ್ಮ ಮನೆಯಿಂದ ಮೈಸೂರಿಗೆ ಹೋಗಿಬಂದರೇ ಆಗ ನನಗೆ ದೊಡ್ಡ ಪ್ರಯಾಣ. ಹೊರಡಬೇಕಾಗಿದ್ದದ್ದು ಕಾಡಂಚಿನ ಆನೆ ಕ್ಯಾಂಪಿನಲ್ಲಿದ್ದ ಎರಡೂವರೆ ವರ್ಷದ ಮರಿಯಾನೆ, ಅದರ ಜೊತೆಗೆ ಅದರ ತಾಯಿಯ ಮಾವುತ. ಜರ್ಮನಿಯ ಯಾವುದೋ ಮೃಗಾಲಯ ಒಂದು ಮರಿ ಬೇಕೆಂದು ಕೇಳಿತ್ತು, ಮೇಲಿನವರು ಆಗಲಿ ಅಂದಿದ್ದರು. ಅರವತ್ತರ ದಶಕ ಮುಗಿಯುತ್ತಿದ್ದ ಕಾಲ ಅದು.

ನಮ್ಮ ಹೆಡ್‌ಗುಮಾಸ್ತರ ಪ್ರಕಾರ ಹಿಂದೆಲ್ಲ ಇದು ಸುಲಭದ ಕೆಲಸವಂತೆ. ಆನೆಯ ಕಾಗದದ ಕೆಳಗೆ ‘ಜೊತೆಗೆ ಒಬ್ಬ ಮಾವುತ’ ಎಂದು ಒಂದು ಸಾಲು ಬರೆದರೆ ಸಾಕು, ಆನೆಯೂ ಮನುಷ್ಯನೂ ಒಂದೇ ಕಾಗದದಲ್ಲಿ ಹಡಗು ಹತ್ತುತ್ತಿದ್ದರಂತೆ. ಈಗ ಕಾನೂನು ಬದಲಾಗಿತ್ತು. ಆನೆಗೆ ಆನೆಯ ಕಾಗದ, ಮನುಷ್ಯನಿಗೆ ಮನುಷ್ಯನ ಪಾಸ್‌ಪೋರ್ಟು. ಅದಕ್ಕೆ ಹುಟ್ಟಿದ ತಾರೀಕು, ಫೋಟೋ, ಪೊಲೀಸ್ ವಿಚಾರಣೆ, ಸಿಡುಬಿನ ದಾಕು ಹಾಕಿಸಿದ ಚೀಟಿ, ಎಲ್ಲವೂ ಬೇಕು.

ಮರಿಯಾನೆಯ ಕಾಗದ ಹತ್ತೇ ದಿನದಲ್ಲಿ ಸಿದ್ಧವಾಯಿತು. ಅದು ಕ್ಯಾಂಪಿನಲ್ಲೇ ಹುಟ್ಟಿದ್ದರಿಂದ ಹುಟ್ಟಿದ ದಿನ, ಗಳಿಗೆ, ತಾಯಿಯ ಹೆಸರು ಎಲ್ಲವೂ ರಿಜಿಸ್ಟರಿನಲ್ಲಿದ್ದವು. ಉಳಿದವನು ಮಾವುತ.

ಅವನು ಹಾಡಿಯ ಜೇನುಕುರುಬರವನು. ವಯಸ್ಸು ಮೂವತ್ತೂ ಇರಬಹುದು, ನಲವತ್ತೂ ಇರಬಹುದು. ಮಾತು ಕಡಿಮೆ, ಕಣ್ಣಲ್ಲಿ ಮಾತ್ರ ಯಾವಾಗಲೂ ಒಂದು ನಗು. ನಾನು ಮೊದಲ ದಿನ ಕ್ಯಾಂಪಿಗೆ ಹೋಗಿ, ಮೇಲಿನಿಂದ ಬಂದ ಕಾಗದವನ್ನು ಅವನಿಗೂ ಅವನ ಹೆಂಡತಿಗೂ ಕನ್ನಡದಲ್ಲಿ ಓದಿ ಹೇಳಿದೆ. ಹಡಗಿನಲ್ಲಿ ಇಡುವ ಮರದ ಪೆಟ್ಟಿಗೆಯ ಅಳತೆಯೂ ಅದರಲ್ಲಿತ್ತು. ಅದಕ್ಕಿಂತ ಎತ್ತರದ ಮರಿಯನ್ನು ಹಡಗಿನವರು ಒಪ್ಪುವುದಿಲ್ಲ ಎಂದೂ ಬರೆದಿತ್ತು.

“ಆ ಪೆಟ್ಟಿಗೆದು ಇನ್ನೊಂದ್ ಸಲ ಓದಣ್ಣ” ಅಂದಳು ಹೆಂಡತಿ.

ಓದಿದೆ. ಎಷ್ಟು ಎತ್ತರ ಎಂದು ಅವಳು ಕೇಳಿದಾಗ, ನನ್ನ ಎದೆಯ ಹತ್ತಿರ ಕೈ ಅಡ್ಡ ಇಟ್ಟು ತೋರಿಸಿದೆ. ಇಬ್ಬರೂ ತಮ್ಮ ಭಾಷೆಯಲ್ಲಿ ಏನೋ ಎರಡು ಮಾತಾಡಿಕೊಂಡರು. ನನಗೆ ಅರ್ಥವಾಗಲಿಲ್ಲ. ಆಮೇಲೆ ಅವನು ಬಹಳ ವಿನಯದಿಂದ, “ಅರ್ಜಿ ಬರ್ಕಳಿ ಸೋಮಿ” ಅಂದ.

“ನೀನು ಹುಟ್ಟಿದ ತಾರೀಕು ಯಾವುದಣ್ಣ?”

“ನಾನೇನು ಆಗ ನೋಡ್ತಿದ್ನಾ ಸೋಮಿ? ನಮ್ಮಪ್ಪ ಇದೇ ಕ್ಯಾಂಪಲ್ಲಿದ್ದ. ನಿಮ್ಮ ಅಳೇ ಬುಕ್ಕಲ್ಲಿ ಬರ್ದಿದ್ರೂ ಬರ್ದಿರಬೌದು, ನೋಡಿ.”

ಕಚೇರಿಯ ಹಿಂದಿನ ಕೋಣೆಯಲ್ಲಿ ಗೆದ್ದಲು ತಿಂದು ಉಳಿದ ಹಾಜರಿ ಪುಸ್ತಕಗಳನ್ನು ನಾಲ್ಕು ದಿನ ಕೂತು ತಿರುವಿದೆ. ಕೊನೆಗೆ ಸಿಕ್ಕಿತು. ಅವನ ಅಪ್ಪನ ಹೆಸರಿನ ಮುಂದೆ ‘ಗಂಡು ಮಗು ಹುಟ್ಟಿದ್ದರಿಂದ ಮೂರು ದಿನ ರಜೆ’ ಎಂದು ಯಾರೋ ದುಂಡಗೆ ಬರೆದಿದ್ದರು. ನನಗೆ ನಿಧಿ ಸಿಕ್ಕಷ್ಟು ಸಂತೋಷ. ತಾರೀಕು ಬರೆದುಕೊಂಡು ಸುಮ್ಮನೆ ಮುಂದಿನ ಹಾಳೆ ತಿರುವಿದವನು ಅಲ್ಲೇ ನಿಂತೆ. ನಾಲ್ಕು ತಿಂಗಳ ನಂತರ ಅದೇ ಮನುಷ್ಯನಿಗೆ ಮತ್ತೆ ಗಂಡು ಮಗು. ಅದೇ ವರ್ಷ ದೀಪಾವಳಿಯ ಹೊತ್ತಿಗೆ ಇನ್ನೊಂದು.

ಮರುದಿನ ಕ್ಯಾಂಪಿಗೆ ಓಡಿದೆ. “ನಿನಗೆ ಅಣ್ಣತಮ್ಮಂದಿರು ಎಷ್ಟು ಜನ?”

“ನಾನೊಬ್ನೇ ಕಣ್ರೀ.”

ಪುಸ್ತಕದಲ್ಲಿದ್ದದ್ದನ್ನು ಓದಿ ಹೇಳಿದಾಗ ಅವನು ಆನೆ ಕಟ್ಟುವ ಕಂಬವನ್ನು ಹಿಡಿದುಕೊಂಡು ನಕ್ಕ. ನಗು ನಿಂತ ಮೇಲೆ ವಿವರಿಸಿದ: “ಅಪ್ಪ ಜೇನಿಗೆ ಓಯ್ತಿದ್ದ. ಆಗಿನ ಸಾಹೇಬ್ರು ಜೇನಿಗೆ ಅಂದ್ರೆ ರಜ ಕೊಡ್ತಿರ್ಲಿಲ್ಲ, ಮಗಾ ಉಟ್ಟದೆ ಅಂದ್ರೆ ಕೊಡೋರು. ಅದ್ಕೆ ಒಂದೇ ವರ್ಷದಲ್ಲಿ ನನ್ನ ಮೂರ್ ಸಲ ಉಟ್ಟಿಸ್ಬುಟ್ಟವ್ನೆ!”

ಮೂರರಲ್ಲಿ ಯಾವುದಾದರೂ ಒಂದನ್ನು ಬರೆದು ಕಳಿಸು ಎಂದರು ನಮ್ಮ ಸಾಹೇಬರು. ಆದರೆ ಮಾವುತ ಸುಳ್ಳು ಬರೆಸಲು ಒಪ್ಪಲಿಲ್ಲ. ಹಿರಿಯರನ್ನು ಕೇಳಿ ಹೇಳುತ್ತೇನೆ ಅಂದ. ಹಿರಿಯರೊಬ್ಬರು ಬಳ್ಳೆ ಕ್ಯಾಂಪಿನ ಕಡೆ ಹೋಗಿದ್ದರು, ಅವರು ಬರಬೇಕು. ಬಂದವರು ಮಳೆಗಾಲ ಅಂದರು, ಇನ್ನೊಬ್ಬರು ಅಲ್ಲ ಅಂದರು. ಅವನು ಹುಟ್ಟಿದ ದಿನ ತೀರ್ಮಾನವಾಗುವುದಕ್ಕೆ ಒಂದೂವರೆ ತಿಂಗಳು ಹಿಡಿಯಿತು.

ಇನ್ನು ಫೋಟೋ. ಹುಣಸೂರಿನ ಬಸ್ಟಾಂಡಿನ ಹತ್ತಿರ ಸಾಬರೊಬ್ಬರ ಸ್ಟುಡಿಯೋ ಇತ್ತು. ನನ್ನದೇ ಬಿಳಿ ಷರಟು ತೊಡಿಸಿ ಅವನನ್ನು ಕರೆದುಕೊಂಡು ಹೋದೆ. ಹೆಂಡತಿಯೂ ಜೊತೆಗೆ ಬಂದಳು. ಅವನು ಸ್ಟೂಲಿನ ಮೇಲೆ ಕುಳಿತ. ಸಾಬರು ಕರಿಬಟ್ಟೆಯೊಳಗೆ ತಲೆ ತೂರಿಸಿದರು. ಅವರ ಹಿಂದೆ ನಿಂತಿದ್ದ ಅವಳು ಅದೇನು ಮುಖ ಮಾಡಿದಳೋ, ಅವನು ಕಿಸಕ್ಕನೆ ನಕ್ಕುಬಿಟ್ಟ.

“ಅರೇ ಭಾಯಿ, ನಗಬ್ಯಾಡಿ! ಸರ್ಕಾರಿ ಫೋಟೋ ಇದು” ಎಂದು ಸಾಬರು ಗದರಿದರು.

ಮೂರು ಸಲ ಹೀಗೇ ಆಯಿತು. ಕೊನೆಗೆ ಅವಳನ್ನು ಬೀದಿಗೆ ಕಳಿಸಿ ತೆಗೆದದ್ದರಲ್ಲಿ ಅವನು ಕಣ್ಣು ಮುಚ್ಚಿಕೊಂಡಿದ್ದ. ಹದಿನೈದು ದಿನ ಬಿಟ್ಟು ಮತ್ತೆ ಹುಣಸೂರಿಗೆ ಹೋದೆವು.

ದಾಕು ಹಾಕಿಸುವ ದಿನ ಅವನು ಆಸ್ಪತ್ರೆಯ ಬಾಗಿಲಲ್ಲೇ ನಿಂತುಬಿಟ್ಟ. “ಸರ್ಕಾರದೋರು ಮೊದ್ಲು ಸೋಮಿ. ನೀವು ಆಕಿಸ್ಕಳಿ. ಎಂಟು ದಿನ ನೀವು ನೆಟ್ಟಗಿದ್ರೆ ನಾನೂ ಆಕಿಸ್ಕತೀನಿ.”

ಆನೆಯ ಕಿವಿಯ ಹಿಂದೆ ಕೂರುವವನಿಗೆ ಸೂಜಿಯ ಭಯವೇ ಎಂದು ನಾನು ಅಂದುಕೊಳ್ಳಬೇಕಾಗಿತ್ತು. ಅಂದುಕೊಳ್ಳಲಿಲ್ಲ. ಧೈರ್ಯ ತೋರಿಸಲು ತೋಳು ಚಾಚಿದೆ. ಜರ್ಮನಿಗೆ ಹೋಗುವ ಯಾವ ಯೋಗವೂ ಇಲ್ಲದ ನಾನು ತೋಳು ಊದಿ ಜ್ವರ ಬಂದು ಆರು ದಿನ ಮಲಗಿದೆ. ಅವನು ಒಂದು ಬಿದಿರಿನ ಅಂಡೆಯಲ್ಲಿ ಜೇನು ತಂದು ಕೊಟ್ಟು, ತಲೆದೆಸೆಯಲ್ಲಿ ಕೂತು, “ಇನ್ನೆಂಟು ದಿನ ನೋಡುವಾ, ಆತುರ ಬ್ಯಾಡ” ಅಂದ.

ಪೊಲೀಸ್ ವಿಚಾರಣೆಗೆ ಹೋದ ಪೇದೆಗೆ ಎರಡು ಸಲವೂ ಹಾಡಿಯಲ್ಲಿ ನಾಯಿ ಬಿಟ್ಟು ಯಾರೂ ಸಿಗಲಿಲ್ಲ. ಎಲ್ಲರೂ ಜೇನಿಗೆ ಹೋಗಿದ್ದರಂತೆ. ಅದು ಜೇನಿನ ಕಾಲವೇ ಅಲ್ಲ ಎಂಬುದು ನನಗಾಗಲಿ ಪೇದೆಗಾಗಲಿ ತಿಳಿದಿರಲಿಲ್ಲ.

ಹೀಗೆ ಆರೇಳು ತಿಂಗಳು ಕಳೆದಿತ್ತು. ಒಂದು ಮಧ್ಯಾಹ್ನ ಸಹಿ ಹಾಕಿಸಿಕೊಳ್ಳಲು ಹೇಳದೆ ಕೇಳದೆ ಕ್ಯಾಂಪಿಗೆ ಹೋದೆ. ಮಾವುತ ಇರಲಿಲ್ಲ. ಅವನ ಹೆಂಡತಿ ಮರಿಯಾನೆಗೆ ರಾಗಿಮುದ್ದೆ ತಿನ್ನಿಸುತ್ತ, ಅದರ ಪಕ್ಕ ಒಂದು ಬಿದಿರು ಗಳುವನ್ನು ನೆಟ್ಟಗೆ ಹಿಡಿದು ನಿಂತಿದ್ದಳು. ಗಳುವಿನ ಮೇಲೆ ಕತ್ತಿಯಲ್ಲಿ ಕಚ್ಚು ಮಾಡಿದ ಗೆರೆಗಳು, ಒಂದರ ಮೇಲೊಂದು. ಎಲ್ಲಕ್ಕಿಂತ ಮೇಲೆ ಒಂದು ಗೆರೆಗೆ ಕೆಂಪು ದಾರ ಕಟ್ಟಿತ್ತು. ಅದು ಸರಿಯಾಗಿ ನನ್ನ ಎದೆಯ ಎತ್ತರಕ್ಕಿತ್ತು. ಮರಿಯ ಬೆನ್ನು ದಾರಕ್ಕಿಂತ ಎರಡು ಬೆರಳು ಕೆಳಗಿತ್ತು.

ಆಗ ನನಗೆ ಎಲ್ಲವೂ ಹೊಳೆಯಿತು. ದಾಕು ಹಾಕಿಸಿಕೊಂಡ ತೋಳಿನಲ್ಲಿ ತಾನಾಗಿಯೇ ನವೆ ಎದ್ದಿತು.

“ಏನಮ್ಮಾ ಇದು?” ಅಂದೆ.

ಅವಳು ಗಳು ಬಚ್ಚಿಡಲಿಲ್ಲ. “ಅದರವ್ವ ಇನ್ನೂ ಆಲು ಕುಡಿಸ್ತಾವ್ಳೆ ಕಣಣ್ಣ. ಆಲು ಬುಡದ ಕೂಸ್ನ ಪೆಟ್ಟಿಗೇಲಿ ಆಕಿ ಕಳಿಸ್ತೀವಿ ಅಂತೀರಲ್ಲ. ಅದು ಬೆಳೆಯೋದು ನಮ್ ಕೈಲಿಲ್ಲ. ನಿಮ್ ಕಾಗದ ನಿಧಾನ ಆಗೋದು ನಮ್ ಕೈಲಿತ್ತು.”

“ನನಗೆ ಜ್ವರ ಬಂತಲ್ಲಮ್ಮ!”

“ಜೇನು ಕಳಿಸಿದ್ನಲ್ಲಪ್ಪ” ಅಂದಳು, ಲೆಕ್ಕ ಚುಕ್ತಾ ಆಯಿತು ಎನ್ನುವಂತೆ.

ಸಾಹೇಬರಿಗೆ ಹೇಳಬೇಕು ಎಂದೇ ಸೈಕಲ್ ಹತ್ತಿದೆ. ದಾರಿಯಲ್ಲಿ ತಾಯಿ ಆನೆ ಕಾಲಿನ ಸರಪಳಿ ಎಳೆದುಕೊಂಡು ಮೇಯುತ್ತಿತ್ತು. ಮರಿಯ ಕೂಗು ಕೇಳಿ ಒಮ್ಮೆ ಕಿವಿ ಅಗಲಿಸಿ ತಿರುಗಿತು. ಅಷ್ಟೇ. ಕಚೇರಿ ಮುಟ್ಟುವಷ್ಟರಲ್ಲಿ ನನ್ನ ಮನಸ್ಸು ಬದಲಾಗಿತ್ತು. ಅರ್ಜಿ ತೆಗೆದು ಇನ್ನೊಮ್ಮೆ ನೋಡಿದೆ. ಮಾವುತನ ಅಪ್ಪನ ಹೆಸರು ಒಂದು ಕಡೆ ಒಂದು ತರಹ, ಇನ್ನೊಂದು ಕಡೆ ಇನ್ನೊಂದು ತರಹ ಇತ್ತು. ಇಂಥ ತಪ್ಪನ್ನು ಯಾರೂ ಗಮನಿಸುವುದಿಲ್ಲ. ನಾನು ಗಮನಿಸಿದೆ. ತಿದ್ದಬೇಕಾಗಿದೆ ಎಂದು ಟಿಪ್ಪಣಿ ಬರೆದು ಮೈಸೂರಿಗೆ ಕಳಿಸಿದೆ. ಮೈಸೂರಿನವರು ಮೇಲಕ್ಕೆ ಕಳಿಸಿದರು. ನಿಯಮದ ಪ್ರಕಾರ ಒಂದು ತಪ್ಪೂ ನನ್ನದಲ್ಲ. ಆ ಟಿಪ್ಪಣಿಗೆ ನನಗೆ ಮೆಚ್ಚುಗೆಯ ಕಾಗದವೂ ಬಂತು, ‘ಶ್ರದ್ಧೆಯಿಂದ ಕೆಲಸ ಮಾಡುವ ಗುಮಾಸ್ತ’ ಎಂದು.

ವಿಚಾರಣೆ, ದಾಕು ಎಲ್ಲ ಮುಗಿದು ಕೊನೆಗೂ ಪಾಸ್‌ಪೋರ್ಟು ಬಂತು. ಅದರ ಮರುವಾರ ಸಾಹೇಬರು, ಪಶುವೈದ್ಯರು, ನಾನು ಟೇಪು ಹಿಡಿದು ಕ್ಯಾಂಪಿಗೆ ಹೋದೆವು. ಮರಿಯನ್ನು ನಿಲ್ಲಿಸಿದ ಮಾವುತ ಬಹಳ ಗಂಭೀರವಾಗಿದ್ದ. ಪಶುವೈದ್ಯರು ಅಳೆದರು. ಮತ್ತೆ ಅಳೆದರು.

“ಒಂದೂವರೆ ಇಂಚು ಜಾಸ್ತಿ” ಅಂದರು.

“ಬಗ್ಗಿ ನಿಲ್ಲೋಕೆ ಹೇಳಿದರೆ?” ಎಂದು ಸಾಹೇಬರು ಕೇಳಿದರು. ತಮಾಷೆಗೆ ಕೇಳಿದರೋ ನಿಜವಾಗಿ ಕೇಳಿದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಮರಿ ಸೊಂಡಿಲಿನಿಂದ ಟೇಪು ಎಳೆದುಕೊಂಡು ಬಾಯಿಗಿಟ್ಟಿತು.

ಹಡಗಿನವರು ದೊಡ್ಡ ಪೆಟ್ಟಿಗೆಗೆ ಒಪ್ಪಲಿಲ್ಲ. ಮೃಗಾಲಯದವರಿಗೆ ಬೇರೆಲ್ಲಿಂದಲೋ ಮರಿ ಸಿಕ್ಕಿತಂತೆ. ಕಡತ ಮುಚ್ಚಿತು. ಮರಿ ತಾಯಿಯ ಜೊತೆ ಉಳಿಯಿತು.

ಪಾಸ್‌ಪೋರ್ಟು ಮಾವುತನಿಗೇ ಸೇರಿತು. ಅದನ್ನು ಕೊಡಲು ಹೋದಾಗ ಅವನು ಒಂದೊಂದೇ ಖಾಲಿ ಹಾಳೆಯನ್ನು ತಿರುವಿ ನೋಡಿದ. “ಸಮುದ್ರ ನೋಡಿದ್ದೀರಾ ಸೋಮಿ?” ಎಂದು ಕೇಳಿದ. ಇಲ್ಲ ಅಂದೆ. “ನಮ್ಮ ಕಪಿಲಾ ಹೊಳೆ ತುಂಬಿ ಬಂದಾಗ ಆಚೆ ದಡ ಕಾಣಕಿಲ್ಲ. ಅಂಗೇ ಇರ್ತದಾ?” ಅಂದ. ಅದಕ್ಕಿಂತ ದೊಡ್ಡದಂತೆ ಅಂದೆ. “ಒಂದ್ ಸಲ ನೋಡ್ಬೇಕು ಅಂತ ಆಸೆ ಇತ್ತು” ಎಂದವನು ಹೆಂಡತಿ ಬರುವುದನ್ನು ಕಂಡು ಮಾತು ಬದಲಿಸಿದ. ಅವನು ಬಿಟ್ಟುಕೊಟ್ಟದ್ದೂ ಒಂದಿತ್ತು ಎಂದು ನನಗೆ ಆವರೆಗೆ ತೋಚಿರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಅವರಿಬ್ಬರೂ ವೈನಾಡಿನ ನೆಂಟರ ಮದುವೆಗೆ ಹೊರಟರು. ಬೇಗೂರಿನಾಚೆ ಕೇರಳದ ಚೆಕ್‌ಪೋಸ್ಟಿನಲ್ಲಿ ಹೊಸ ಕಾವಲುಗಾರನೊಬ್ಬ ಬಂದಿದ್ದ. ಹಾಡಿಯವರನ್ನು ಕಂಡರೆ ತಡೆದು ನಿಲ್ಲಿಸಿ ಅರ್ಧ ದಿನ ಕೂರಿಸುವುದು ಅವನ ಅಭ್ಯಾಸ. ಇವರನ್ನೂ ತಡೆದು, “ಕಡಲಾಸ್ ಎವಿಡೆ?” ಎಂದು ಮಲಯಾಳದಲ್ಲಿ ಕಾಗದ ಕೇಳಿದನಂತೆ.

ಮಾವುತ ಸೊಂಟದ ಮಡಿಕೆಯಿಂದ ಪಾಸ್‌ಪೋರ್ಟು ತೆಗೆದು ಕೊಟ್ಟ. ಕಾವಲುಗಾರ ಸಿಂಹಗಳ ಮುದ್ರೆ ನೋಡಿದ, ಫೋಟೋ ನೋಡಿದ, ಮುಖ ನೋಡಿದ, ಎದ್ದು ನಿಂತ. ಗೇಟು ಎತ್ತುವ ಮೊದಲು ಬೆಂಚು ಒರೆಸಿ ಅವನ ಹೆಂಡತಿಯನ್ನು ಕೂರಿಸಿ ಚಹಾ ತರಿಸಿದನಂತೆ.

ಮಾವುತ ವಾಪಸು ಬಂದು ಹೇಳಿದಾಗ ನಾನು ಇದನ್ನು ನಂಬಲಿಲ್ಲ. ಆದರೆ ಅವಳು ಆ ಚಹಾದಲ್ಲಿ ಸಕ್ಕರೆ ಸಾಲದು ಎಂದು ಹೇಳಿ ಇನ್ನೊಂದು ಲೋಟ ತರಿಸಿಕೊಂಡಳು ಎಂದಾಗ ನಂಬಿದೆ.