ದೋಣಿ ಬಂದ ದಿನ ಹೇಳ್ತೀನಿ

ನನ್ನ ಗಂಡನ ಅಕ್ಕ, ಅಂದರೆ ನಮ್ಮ ಅತ್ತಿಗೆ, ಹೊಲಿಗೆ ಅಂಗಡಿ ಇಟ್ಟವರು. ಹೇಳಿದ ದಿನಕ್ಕೆ ಬಟ್ಟೆ ಕೊಡುವ ದರ್ಜಿ ಭೂಮಿಯ ಮೇಲೇ ಇಲ್ಲ ಎನ್ನುವವರು ಇವರನ್ನು ನೋಡಿಲ್ಲ. ಒಂದು ದಿನವೂ ತಡ ಮಾಡುವುದಿಲ್ಲ. ಅದಕ್ಕಿಂತ ವಿಚಿತ್ರ, ಒಂದು ದಿನ ಮೊದಲೂ ಕೊಡುವುದಿಲ್ಲ! ಹೊಲಿದು ಇಸ್ತ್ರಿ ಹಾಕಿದ ಅಂಗಿ ಕಣ್ಣೆದುರಿಗೇ ನೇತಾಡುತ್ತಿದ್ದರೂ, "ಗುರುವಾರ ಅಂದಿದ್ದೆ, ಗುರುವಾರ ಬನ್ನಿ" ಎಂದು ಗಿರಾಕಿಯನ್ನು ವಾಪಸು ಅಟ್ಟುತ್ತಾರೆ. "ಒಂದ್ಸಲ ಮೊದಲೇ ಕೊಟ್ರೆ ಆಮೇಲೆ ನಮ್ಮ ತಾರೀಖನ್ನ ಯಾರೂ ನಂಬಲ್ಲ ಕಣೇ" ಎನ್ನುವುದು ಅವರ ಶಾಸ್ತ್ರ.

ತಮ್ಮನನ್ನು ಸಾಕಿ ಓದಿಸುವ ಗಡಿಬಿಡಿಯಲ್ಲಿ ತನ್ನ ಮದುವೆಯನ್ನೇ ಮರೆತ ಈ ಹೆಂಗಸಿಗೆ ಐವತ್ತರ ಹತ್ತಿರ ಹಿಡಿದ ಹುಚ್ಚು ಒಂದು ಆನ್‌ಲೈನ್ ಆಟ. ಕಲಿಸಿದ ಪಾಪ ನನ್ನದೇ. ಹಿಮ ಸುರಿಯುವ ದ್ವೀಪ. ಹತ್ತಾರು ಜನ ತಮ್ಮ ತಮ್ಮ ಮನೆಯಿಂದಲೇ ಒಟ್ಟಿಗೆ ಆಡುತ್ತಾರೆ. ಸೌದೆ ಕಡಿಯಬೇಕು, ಗುಡಿಸಲು ಕಟ್ಟಬೇಕು, ಹೇಗಾದರೂ ಚಳಿಗೆ ಸಾಯದೆ ಬದುಕಬೇಕು. ಸತ್ತರೆ ಕೂಡಿಟ್ಟದ್ದೆಲ್ಲ ಮಾಯ. ದೂರದ ಮರಳದಂಡೆಯಲ್ಲಿ ಬರಿಗೈಯಲ್ಲಿ ಕಣ್ಣು ಬಿಡಬೇಕು. "ಇದರಲ್ಲಿ ಬಟ್ಟೇನೂ ಹೊಲೀಬಹುದು!" ಎಂದು ಅತ್ತಿಗೆ ಮೊದಲ ದಿನವೇ ಮರುಳಾದರು. ಅಂಗಡಿ ಮುಚ್ಚಿದ ಮೇಲೆ ಕತ್ತರಿಸುವ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಅಲ್ಲೂ ಹೊಲಿಗೆಯೇ. ಅವರು ಹೊಲಿದ ತುಪ್ಪಳದ ಕೋಟಿಗೆ ದ್ವೀಪದಲ್ಲೆಲ್ಲ ಬೇಡಿಕೆ.

ಆ ದ್ವೀಪದ ನಡುವೆ ಒಂದು ಹೊಳೆ. ಶುರುವಿನಲ್ಲಿ ಆಟ ಯಾರನ್ನು ಯಾವ ದಡಕ್ಕೆ ಎಸೆಯುತ್ತದೋ ಅದೇ ಅವರ ಗತಿ, ಯಾಕೆಂದರೆ ನೀರಿಗಿಳಿದವರು ಹೆಪ್ಪುಗಟ್ಟಿ ಸಾಯುತ್ತಾರೆ. ಆಚೆ ದಡದಲ್ಲಿದ್ದವರು ನಮ್ಮದೇ ಬೀದಿಯ ತುದಿಯಲ್ಲಿ ಬೀಗ ರಿಪೇರಿ ಮಾಡುವವರು. ಹೆಂಡತಿ ತೀರಿಕೊಂಡು ವರ್ಷಗಳಾದ, ಮೆಲುದನಿಯ ಮನುಷ್ಯ. ಬೀದಿಯಲ್ಲಿ ಎದುರಾದರೆ ಇಬ್ಬರದೂ "ಊಟ ಆಯ್ತಾ" ಎನ್ನುವಷ್ಟೇ ಮಾತು. ಆಟದಲ್ಲಿ ಎರಡು ದಡಗಳಲ್ಲಿ ಬೆಂಕಿ ಹಾಕಿಕೊಂಡು ಕೂತರೆಂದರೆ ಮೈಕಿನಲ್ಲಿ ಮಾತೋ ಮಾತು. ಮುಂದಿನ ಅಪ್‌ಡೇಟ್‌ನಲ್ಲಿ ದೋಣಿ ಕೊಡುತ್ತೇವೆ ಎಂದು ಆಟದ ಕಂಪನಿಯವರು ತಾರೀಖು ಸಾರಿದ್ದರು.

ಒಂದು ಸಂಜೆ ಬೀಗದವರು ಬೆಂಕಿಗೆ ಸೌದೆ ಒಟ್ಟುತ್ತ, "ನಾವಿಬ್ರೂ ಮದುವೆ ಆಗ್ಬಹುದಲ್ವಾ? ಆಟದಲ್ಲಿ ಅಲ್ಲ, ನಿಜವಾಗ್ಲೂ" ಅಂದುಬಿಟ್ಟರು. ಅಂಗಡಿಯಲ್ಲಿ ಅತ್ತಿಗೆಯ ಪಕ್ಕ ಕೂತು ಅಂಗಿಗೆ ಗುಂಡಿ ಹಾಕುತ್ತಿದ್ದ ನಾನು ಸೂಜಿಯನ್ನು ಬೆರಳಿಗೇ ಚುಚ್ಚಿಕೊಂಡೆ. ಅತ್ತಿಗೆ ಕೆಂಪಾಗಿ, ತಡವರಿಸಿ, ಥೇಟ್ ಗಿರಾಕಿಗೆ ಹೇಳುವ ಹಾಗೆಯೇ ಹೇಳಿದರು: "ದೋಣಿ ಬಂದ ದಿನ ಹೇಳ್ತೀನಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ಅತ್ತಿಗೆಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹಾಡು ಗುನುಗುತ್ತ ಒಂದೇ ಪ್ಯಾಂಟಿಗೆ ಎರಡು ಎಡಗಾಲು ಕತ್ತರಿಸಿದರು. ಉತ್ತರ ಏನೆಂದು ಕೇಳಬೇಕೆ? ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಆದರೆ ಹೇಳಿಬಿಡಿ ಅಂದರೆ, "ತಾರೀಖು ಅಂದ್ರೆ ತಾರೀಖು."

ತಾರೀಖು ಬಂತು, ದೋಣಿ ಬರಲಿಲ್ಲ. ಕಂಪನಿಯವರ ಪರೀಕ್ಷೆಯಲ್ಲಿ ಹತ್ತಿದವರೆಲ್ಲ ದೋಣಿ ಸಮೇತ ಆಕಾಶಕ್ಕೆ ಹಾರಿಹೋಗುತ್ತಿದ್ದಾರಂತೆ, ಸರಿಮಾಡಿ ಮುಂದಿನ ತಿಂಗಳು ಕೊಡುತ್ತಾರಂತೆ. ಮುಂದಿನ ತಿಂಗಳು ದೋಣಿ ತೇಲುತ್ತಿತ್ತಂತೆ, ಹುಟ್ಟು ಮುಳುಗುತ್ತಿತ್ತಂತೆ. "ಇವರ ಕೈಗೆ ಮಗುವಿನ ಅಂಗಿ ಹೊಲಿಯೋಕೆ ಕೊಟ್ರೆ, ಸಿಗೋ ಹೊತ್ತಿಗೆ ಮಗು ಮುದುಕ ಆಗಿರುತ್ತೆ!" ಎಂದು ಅತ್ತಿಗೆ ಕತ್ತರಿ ಆಡಿಸುತ್ತ ಗುಡುಗಿದರು.

ಒಂದು ಭಾನುವಾರ ಮಧ್ಯಾಹ್ನ ಬೀಗದವರ ದನಿ ಇನ್ನೂ ಸಣ್ಣಗಾಗಿತ್ತು. "ನಮ್ಮಕ್ಕ ಅವಳ ಊರಲ್ಲಿ ನನಗೊಂದು ಅಂಗಡಿ ನೋಡಿದ್ದಾಳೆ. ನಾಳೆ ಬರ್ತೀನೋ ಇಲ್ವೋ ಹೇಳ್ಬೇಕು. ನಿಮಗೆ ಅವಸರ ಮಾಡ್ತಿಲ್ಲ. ದೋಣಿ ಬಂದಾಗಲೇ ಹೇಳಿ, ಎಲ್ಲಿದ್ರೂ ಕೇಳಿಸ್ಕೋತೀನಿ."

ನನಗೆ ಸಿಟ್ಟು ನೆತ್ತಿಗೇರಿತು. "ಅತ್ತಿಗೆ, ಇದೇನು ಗಿರಾಕಿ ಅಂಗಿನಾ? ಅವರು ಹೊರಟೇಹೋದ್ರೆ ದೋಣಿ ಕಟ್ಕೊಂಡು ಏನ್ ಮಾಡ್ತೀರಾ?"

ಅತ್ತಿಗೆ ನನ್ನನ್ನು ನೋಡಿದರು, ಪರದೆಯನ್ನು ನೋಡಿದರು. ಗುಡಿಸಲು, ರಾಶಿ ಸೌದೆ, ಮಾರಲಿಕ್ಕಿಟ್ಟ ಕೋಟುಗಳು, ಎಲ್ಲಕ್ಕೂ ಬೆನ್ನು ಹಾಕಿ ಸೀದಾ ಹೊಳೆಗೆ ಧುಮುಕಿದರು. ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು!

"ಬೇಡ! ಸಾಯ್ತೀರಾ! ಕೂಡಿಟ್ಟಿದ್ದೆಲ್ಲ ಹೋಗುತ್ತೆ!" ಬೀಗದವರು ಕಿರುಚಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಹೋಗ್ಲಿ ಬಿಡ್ರೀ! ದೋಣಿ ಬರಲ್ಲ ಅಂದ್ರೆ ನಾನೇ ಬರ್ತೀನಿ!"

ಆಚೆಯಿಂದ ಅವರೂ ಹಾರಿದರು. ನಡುನೀರಿನಲ್ಲಿ, ಒಂದು ಮಾರು ದೂರ ಉಳಿದಿದ್ದಾಗ, ಇಬ್ಬರೂ ಮಂಜುಗಡ್ಡೆಯಾಗಿ ಮುಳುಗಿಹೋದರು. ಪರದೆ ಕಪ್ಪಾಯಿತು.

ಕಣ್ಣು ಬಿಟ್ಟರೆ ಮರಳದಂಡೆ. ಬರಿಗೈ ಬರಿಗಾಲಿನ ಅತ್ತಿಗೆ, ಪಕ್ಕದಲ್ಲೇ ಬರಿಗೈ ಬರಿಗಾಲಿನ ಬೀಗದವರು! ಸತ್ತವರೆಲ್ಲ ಏಳುವುದು ಇದೊಂದೇ ದಂಡೆಯಲ್ಲಿ. ಇಷ್ಟು ದಿನ ಈ ದಾರಿ ಇಬ್ಬರು ದಡ್ಡರಿಗೂ ತೋಚಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ತೋಚಿರಲಿಲ್ಲ.

ಅಷ್ಟರಲ್ಲಿ ಹಿಂದಿನ ಪೊದೆಯಿಂದ ಒಂದು ಕರಡಿ ಎದ್ದಿತು.

"ಹೂಂ ಕಣ್ರೀ, ಆಗ್ತೀನಿ!" ಎಂದು ಅತ್ತಿಗೆ ಕೂಗಿದರು. "ಕೇಳಿಸ್ತಾ? ಕೇಳಿಸಿದ್ರೆ ಓಡಿ!"

ಬೀಗದವರು ಓಡಲಿಲ್ಲ. "ಇನ್ನೊಂದ್ಸಲ ಹೇಳಿ" ಅಂದರು. ಕರಡಿ ಅವರನ್ನು ಮುಗಿಸಿತು, ಆಮೇಲೆ ಅತ್ತಿಗೆಯನ್ನು. ಮರುಕ್ಷಣ ಇಬ್ಬರೂ ಅದೇ ದಂಡೆಯಲ್ಲಿ ಎದ್ದರು, ಕರಡಿಯೂ ಅಲ್ಲೇ ಇತ್ತು. ನಾನು ನಕ್ಕು ನಕ್ಕು ಮೇಜಿಗೆ ತಲೆಯಿಟ್ಟೆ, ಕಣ್ಣಲ್ಲಿ ನೀರು ಬಂತು. ಆ ಮಧ್ಯಾಹ್ನ ಅವರಿಬ್ಬರೂ ಎಷ್ಟು ಸಲ ಸತ್ತರೋ ಯಾರಿಗೆ ಗೊತ್ತು. ಎದ್ದಾಗಲೆಲ್ಲ ಬೀಗದವರು ಕೇಳಿದರು, ಕೇಳಿದಾಗಲೆಲ್ಲ ಅತ್ತಿಗೆ ಹೂಂ ಅಂದರು.